ಮುಂದಿನ ಮನೆ ತೋರಿಸುವ ಕೈ

ನಮ್ಮ ಊರಿನಲ್ಲಿ ಯಾರ ಮನೆಗೆ ಹೋಗಬೇಕಾದರೂ ತಲೆಮನೆಯಿಂದಲೇ ಹೊರಡಬೇಕು. ತಲೆಮನೆಯ ಯಜಮಾನ ತನ್ನ ಹೊಸ್ತಿಲ ಮೇಲೆ ನಿಂತು, ಕಣ್ಣು ಮುಚ್ಚಿ, ಬಲಗೈ ಎತ್ತಿ ತೋರಿಸಿದರೆ ಎರಡನೆಯ ಮನೆ ಕಾಣುತ್ತದೆ. ಅಲ್ಲಿಗೆ ಹೋಗಿ ನಿಂತರೆ ಆ ಮನೆಯ ಯಜಮಾನ ಕೈ ಎತ್ತುತ್ತಾನೆ, ಅದರ ಮುಂದಿನದು ಕಾಣುತ್ತದೆ. ಕೈ ಎತ್ತದಿದ್ದರೆ ಬರೀ ಬಯಲು, ಜಾಲಿಗಿಡ, ಬಿಸಿಲು. ತಿರುಗಿ ಬರುವಾಗಲೂ ಅಷ್ಟೇ, ಆ ಎತ್ತಿದ ಕೈಯನ್ನೇ ನೋಡುತ್ತ ಬರಬೇಕು. ಬೆಳಿಗ್ಗೆ ಸ್ವಲ್ಪ ಹೊತ್ತು, ಹೊತ್ತು ಮುಳುಗುವ ಮುಂಚೆ ಸ್ವಲ್ಪ ಹೊತ್ತು ಊರಿನ ಎಲ್ಲ ಯಜಮಾನರೂ ಕೈ ಎತ್ತಿ ನಿಲ್ಲುತ್ತಾರೆ. ನಮ್ಮ ಹೋಗುಬರುವಿಕೆಯೆಲ್ಲ ಆ ಹೊತ್ತಿನಲ್ಲೇ ಮುಗಿಯಬೇಕು. ಕಡೆಮನೆಯವನ ಕೈ ಮಾತ್ರ ಮೇಲಕ್ಕೆ ಏಳುವುದಿಲ್ಲ. ಎಷ್ಟು ತಿಣುಕಿದರೂ ಅದು ಕೆಳಕ್ಕೆ ಬಾಗಿ ಮಣ್ಣು ತೋರಿಸುತ್ತದೆ. ಅದನ್ನು ಕಂಡವರು ಊರು ಇಲ್ಲಿಗೆ ಮುಗಿಯಿತು ಎಂದು ತಿಳಿದು ಅಲ್ಲೇ ಕೂತು ಬುತ್ತಿ ಬಿಚ್ಚುತ್ತಾರೆ.

ನಿನ್ನ ಮನೆ ಎಲ್ಲಿದೆ ಎಂದು ನನ್ನನ್ನು ಕೇಳಿದರೆ ನಾನು ಹೇಳಲಾರೆ. ನಮ್ಮ ಹಿಂದಿನ ಮನೆಯವನ ಕೈಗೆ ಅದು ಗೊತ್ತು. ಅವನ ಬಾಯಿಗೂ ಗೊತ್ತಿಲ್ಲ, ಕೈಗೆ ಮಾತ್ರ ಗೊತ್ತು. ನಮ್ಮ ಮನೆಯ ಕೈ ನನ್ನ ಮೈದುನನದು, ಅದಕ್ಕೆ ನಮ್ಮ ಮುಂದಿನ ಮನೆ ಗೊತ್ತು. ಒಂದು ಕೈಗೆ ಒಂದೇ ಮನೆ. ಯಜಮಾನನಿಗೆ ವಯಸ್ಸಾದರೆ ಹೊಸ್ತಿಲ ಮೇಲೆ ನಿಂತು ಕೈ ಎತ್ತುತ್ತಾನೆ, ಮಗ ತನ್ನ ಕೈಯನ್ನು ಅಪ್ಪನ ಕೈಯ ಕೆಳಗೆ ಹೊಂದಿಸಿ ಹಿಡಿಯುತ್ತಾನೆ. ಮಗನ ಕೈ ಭುಜದ ತನಕ ಜುಮ್ಮೆಂದರೆ ಅದು ಕಲಿಯಿತು ಎಂದರ್ಥ. ಆಮೇಲೆ ಅಪ್ಪನ ಕೈ ಊಟಕ್ಕೆ, ತುರಿಸಿಕೊಳ್ಳುವುದಕ್ಕೆ ಮಾತ್ರ.

ನನ್ನ ಹೆಸರು ಕಾಶವ್ವ. ಬೀಸುಕಲ್ಲಿಗೆ ಉಳಿ ಹೊಡೆಯುವುದು ನನ್ನ ಕಸುಬು. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಜೋಳ ಹಿಟ್ಟಾಗದೆ ನುಚ್ಚಾಗಿ ಜಾರುತ್ತದೆ. ಆಗ ನನಗೆ ಹೇಳಿ ಕಳಿಸುತ್ತಾರೆ. ನಾನು ಹೋಗಿ ಮೇಲಿನ ಕಲ್ಲು ಎತ್ತಿ, ಸಣ್ಣ ಸಣ್ಣ ಕಚ್ಚು ಹಾಕಿ, ಮತ್ತೆ ಒರಟು ಮಾಡಿ ಕೊಟ್ಟು ಬರುತ್ತೇನೆ. ಗಂಡ ಸತ್ತ ಮೇಲೆ ಈ ಉಳಿಯೇ ನನ್ನನ್ನೂ ಮಗಳು ರೇಣವ್ವಳನ್ನೂ ಸಾಕಿದ್ದು. ನನ್ನ ಬಾಯಿ ನನ್ನ ಉಳಿಗಿಂತ ಚೂಪು ಎಂದು ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಮನೆಯ ಕಲ್ಲು ಮೊಂಡಾದಾಗ ಅದೇ ಬಾಯಿಗೆ ಬೆಲ್ಲ ಹಾಕಿ ಕರೆಯುತ್ತಾರಲ್ಲ.

ಮನೆ ಮುಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಳಗಿನದನ್ನು ಕೇಳುವುದಕ್ಕೂ ನಮ್ಮಲ್ಲಿ ಒಂದು ಕ್ರಮ ಇದೆ. ಹೊಸ್ತಿಲಲ್ಲಿ ನಿಂತು ಮೊದಲು ಮನೆ ಕೇಳಬೇಕು. ಹೂಂ ಅಂದ ಮೇಲೆ ನಡುಮನೆಗೆ ಬಂದು ಒಳಮನೆ ಕೇಳಬೇಕು. ಒಳಮನೆಯ ಬಾಗಿಲಲ್ಲಿ ನಿಂತು ಅದರೊಳಗಿನ ವಸ್ತುವನ್ನೋ ಮನುಷ್ಯರನ್ನೋ ಕೇಳಬೇಕು. ಇಂಥವರ ಮನೆ, ಮನೆಯ ಒಳಮನೆ, ಒಳಮನೆಯ ಬೀಸುಕಲ್ಲು, ಹೀಗೆ. ನಡುವೆ ಒಂದು ಬಿಟ್ಟರೂ ಕೇಳಿದ್ದು ಸಿಗುವುದಿಲ್ಲ, ಬೇರೆ ಏನಾದರೂ ಸಿಗುತ್ತದೆ. ಹೊಸದಾಗಿ ಮದುವೆಯಾದ ಒಬ್ಬ ಪುಣ್ಯಾತ್ಮ ಅವಸರಕ್ಕೆ ಬಿದ್ದು ಬೀದಿಯಲ್ಲೇ ನಿಂತು ಹೆಂಡತಿಯ ಹೆಸರು ಹಿಡಿದು ಕರೆದನಂತೆ. ಒಳಗಿನಿಂದ ಯಾವುದೋ ಮುದುಕಿ ಕೆಮ್ಮಿದ ಸದ್ದು ಕೇಳಿಸಿತು. ಆ ಮನೆಯಲ್ಲಿ ಮುದುಕಿಯೇ ಇರಲಿಲ್ಲ. ಆಮೇಲೆ ಅವನು ಸಾಯುವ ತನಕ ಊರಿನ ಹೆಂಗಸರೆಲ್ಲ ಅವನನ್ನು ಕಂಡರೆ ಕೆಮ್ಮುತ್ತಿದ್ದರು, ನಾನೂ ಕೆಮ್ಮಿದ್ದೇನೆ.

ರೇಣವ್ವಳನ್ನು ಕೊಟ್ಟದ್ದು ಸೋಮಲಿಂಗನ ಮನೆಗೆ. ನಮ್ಮ ಮನೆಯಿಂದ ಹೊರಟರೆ ಚನ್ನಮಲ್ಲಪ್ಪನ ಮನೆ ದಾಟಿ, ಹುಚ್ಚೀರಪ್ಪನ ಮನೆ ದಾಟಿ, ಅದರ ಮುಂದಿನದೇ ಅವಳ ಮನೆ. ಅವಳಿಂದಾಚೆ ಇನ್ನೂ ಎಷ್ಟೋ ಮನೆಗಳಿವೆ, ಅರ್ಧ ಊರು ಅಲ್ಲೇ ಇದೆ. ಮಗಳನ್ನು ಹತ್ತಿರದಲ್ಲೇ ಕೊಟ್ಟೆ ಎಂದು ನನಗೆ ಸಮಾಧಾನವಿತ್ತು. ಹುಚ್ಚೀರಪ್ಪನ ಹೆಂಡತಿ ಪಾರವ್ವ ನನ್ನ ಗೆಳತಿ, ಊರಿನ ಅರ್ಧ ಕೂಸುಗಳನ್ನು ತನ್ನ ಕೈಯಿಂದ ಭೂಮಿಗೆ ಇಳಿಸಿದವಳು. ರೇಣವ್ವ ಚೊಚ್ಚಲ ಬಸುರಿಯಾದಾಗ ನಾನು ಬಾಣಂತನಕ್ಕೆ ಎಲ್ಲ ಸಿದ್ಧ ಮಾಡಿಕೊಂಡೆ. ಬಾಣಂತಿಗೆ ಕುದಿಸಿ ಕೊಡುವ ಅಳವಿ ಬೀಜ ತಂದಿಟ್ಟೆ, ಹಳೆಯ ಸೀರೆ ಒಗೆದು ಮಡಿಚಿಟ್ಟೆ, ಅವಳು ಮಲಗುವ ಹೊರಸಿಗೆ ಹೊಸ ಹಗ್ಗ ಬಿಗಿಸಿದೆ. ತಿಂಗಳು ತುಂಬುತ್ತ ಬಂದಿತ್ತು. ಚನ್ನಮಲ್ಲಪ್ಪನ ತಮ್ಮನ ಹೊಸಮನೆಯ ಊಟ ಮುಗಿಸಿಕೊಂಡು, ಆ ಸಂಜೆಯೇ ಮುಂದಕ್ಕೆ ಹೋಗಿ, ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬರುವುದೆಂದು ನಾನು ಹೇಳಿ ಕಳಿಸಿದ್ದೆ.

ಚನ್ನಮಲ್ಲಪ್ಪನ ತಮ್ಮ ಪಂಪಣ್ಣ. ಇಬ್ಬರೂ ಒಂದೇ ಸೂರಿನ ಕೆಳಗೆ ತಲೆ ನರೆಯುವ ತನಕ ಇದ್ದವರು, ಒಂದು ಜೋಡಿ ಎತ್ತಿನ ಮಾತಿಗೆ ಕೆಟ್ಟು ಪಾಲಾದರು. ಎತ್ತುಗಳು ಅಷ್ಟರಲ್ಲಿ ಮುದಿಯಾಗಿ ಒಂದು ಸತ್ತೂ ಹೋಗಿತ್ತು, ಜಗಳ ಮಾತ್ರ ಹರೆಯದಲ್ಲಿತ್ತು. ಪಂಪಣ್ಣ ಬೇರೆ ಮನೆ ಕಟ್ಟಿದ. ಅದು ಅಣ್ಣನ ಮನೆಗೂ ಹುಚ್ಚೀರಪ್ಪನ ಮನೆಗೂ ನಡುವೆ ಸೇರಬೇಕು. ನಡುವೆ ಮನೆ ಸೇರಿಸುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಹಿಂದಿನ ಮನೆಯ ಯಜಮಾನ ಯಾವಾಗಿನಂತೆ ಮುಂದಿನ ಮನೆಗೆ ಕೈ ಎತ್ತಿ ನಿಲ್ಲುತ್ತಾನೆ. ಹೊಸಮನೆಯವನು ಆ ಕೈಯ ಕೆಳಗೆ ತನ್ನ ಕೈ ಹೊಂದಿಸುತ್ತಾನೆ. ತನ್ನ ಕೈ ಕಲಿತ ಮೇಲೆ ಹಿಡಿದೆ ಎನ್ನುತ್ತಾನೆ. ಆಗ ಹಿಂದಿನವನು ಬಿಟ್ಟೆ ಎಂದು ತನ್ನ ಕೈಯನ್ನು ಹೊಸಮನೆಯ ಕಡೆ ತಿರುಗಿಸುತ್ತಾನೆ. ಮೊದಲು ಹಿಡಿಯಬೇಕು, ಆಮೇಲೆ ಬಿಡಬೇಕು. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಸಂಗತಿ ಇದು.

ಆದರೆ ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬೇಕಾದ ಮಾತನ್ನೆಲ್ಲ ಅವರ ಸೋದರಮಾವನ ಮೂಲಕ ಆಡುತ್ತಿದ್ದರು. ಮನೆ ಸೇರಿಸುವ ದಿನವೂ ಪಂಪಣ್ಣ ಹಟ ಹಿಡಿದ, ಹಿಡಿದೆ ಅನ್ನುವ ಮಾತನ್ನು ನಾನು ಅವನಿಗೆ ಹೇಳಲಾರೆ, ಮಾವ ಹೇಳಲಿ ಎಂದ. ಚನ್ನಮಲ್ಲಪ್ಪನೂ ಅದಕ್ಕೇ ಒಪ್ಪಿದ. ನಾವು ನೆರೆದವರು ನಕ್ಕೆವು. ನಾನಂತೂ, ಮುಂದೆ ಇವರಿಗೆ ಬಿಕ್ಕಳಿಕೆ ಬಂದರೂ ಮಾವನೇ ನೀರು ಕುಡಿಯಬೇಕೇನೋ ಎಂದು ಗಟ್ಟಿಯಾಗಿಯೇ ಅಂದೆ. ಮುಂದಿನ ಮನೆಯವನೆಂದು ಹುಚ್ಚೀರಪ್ಪನಿಗೆ ಆ ದಿನ ವಿಶೇಷ ಕರೆ ಇತ್ತು. ಅವನು ಬೆಳಗಿನ ಕೈಯೆತ್ತುವ ಹೊತ್ತು ಮುಗಿಸಿ, ಒಳಗೂ ಹೋಗದೆ ಅಂಗಳದಿಂದಲೇ ಹೊರಟು, ಚನ್ನಮಲ್ಲಪ್ಪ ಅವನಿಗೋಸ್ಕರ ಇಳಿಸದೆ ಹಿಡಿದಿದ್ದ ಕೈ ನೋಡುತ್ತ ನೇರವಾಗಿ ಬಂದಿದ್ದ. ಪಾರವ್ವ ಮಕ್ಕಳ ಜೊತೆ ಮನೆಯಲ್ಲೇ ಉಳಿದಿದ್ದಳು, ಸಂಜೆ ಬರುವವಳಿದ್ದಳು.

ಚನ್ನಮಲ್ಲಪ್ಪ ಹೊಸ್ತಿಲ ಮೇಲೆ ನಿಂತು ಕಣ್ಣು ಮುಚ್ಚಿ ಕೈ ಎತ್ತಿದ. ದೂರದಲ್ಲಿ ಹುಚ್ಚೀರಪ್ಪನ ಮನೆ ಕಾಣಿಸಿತು. ಗೋಡೆಗೆ ಬಡಿದ ಸಗಣಿಯ ಕುಳ್ಳು, ಅಂಗಳದಲ್ಲಿ ಒಣಗಲು ಹಾಕಿದ ಕೆಂಪು ಸೀರೆ, ಎಲ್ಲ ಕಂಡವು. ಪಂಪಣ್ಣ ಮುಖ ಆಚೆ ತಿರುಗಿಸಿಕೊಂಡೇ ಅಣ್ಣನ ಕೈಯ ಕೆಳಗೆ ತನ್ನ ಕೈ ತಂದ. ಕೈಗೆ ಕೈ ತಾಗಿತು. ತಾಗಿದ್ದನ್ನು ಕಂಡ ಸೋದರಮಾವ ಹಿಡಿದ ಎಂದುಬಿಟ್ಟ. ಜುಮ್ಮೆನ್ನುವುದು ಪಂಪಣ್ಣನ ಕೈಗೇ ಹೊರತು ಮಾವನ ಕಣ್ಣಿಗಲ್ಲ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು, ಮುದುಕನಿಗೆ ಹಸಿವಾಗಿತ್ತು, ಅಷ್ಟೇ. ಕಣ್ಣು ಮುಚ್ಚಿದ್ದ ಚನ್ನಮಲ್ಲಪ್ಪ ಬಿಟ್ಟೆ ಎಂದು ಕೈ ತಿರುಗಿಸಿದ. ಪಂಪಣ್ಣ ಇನ್ನೂ ಇಲ್ಲ ಎಂದು ಕೂಗಬಹುದಿತ್ತು, ಕೂಗಲಿಲ್ಲ. ಅಣ್ಣನ ಜೊತೆ ಮಾತಾಡಬಾರದು ಎಂಬ ಹಟ ಅಡ್ಡ ಬಂತು. ಅವನ ಬಾಯಿ ತೆರೆಯುವಷ್ಟರಲ್ಲಿ ಹುಚ್ಚೀರಪ್ಪನ ಮನೆ, ಗೋಡೆಯ ಕುಳ್ಳು, ಕೆಂಪು ಸೀರೆ ಯಾವುದೂ ಇರಲಿಲ್ಲ.

ಪಂಪಣ್ಣ ತನ್ನ ಹೊಸ ಹೊಸ್ತಿಲಿಗೆ ಓಡಿದ. ಅದಕ್ಕೆ ಹಚ್ಚಿದ ಅರಿಶಿನ ಇನ್ನೂ ಒಣಗಿರಲಿಲ್ಲ. ನಿಂತು ಕೈ ಎತ್ತಿದ. ಕೈ ಏಳಲಿಲ್ಲ. ಅದು ಕೆಳಕ್ಕೆ ಬಾಗಿ ನೆಲ ತೋರಿಸಿತು. ಇನ್ನೊಂದು ಕೈಯಿಂದ ಅದನ್ನು ಮೇಲಕ್ಕೆತ್ತಿ ಹಿಡಿದುಕೊಂಡ, ಬಿಟ್ಟ ಕೂಡಲೇ ಮತ್ತೆ ಮಣ್ಣಿಗೇ ಬಂತು. ಊರಿನ ಕಡೆಮನೆ ಈಗ ಅವನದು. ಅದರಾಚೆ ಇದ್ದ ಅರ್ಧ ಊರು, ಅದರಲ್ಲಿ ನನ್ನ ಮಗಳು, ಅವಳ ಹೊಟ್ಟೆಯ ಕೂಸು, ಯಾರೂ ಇಲ್ಲ. ನಾನು ಅಂಗಳದಲ್ಲಿ ಕುಸಿದು ಕೂತೆ. ಯಾರೋ ಅಳುತ್ತಿದ್ದರು, ಬಹಳ ಹೊತ್ತಿನ ಮೇಲೆ ಅದು ನಾನೇ ಎಂದು ಗೊತ್ತಾಯಿತು.

ಹುಚ್ಚೀರಪ್ಪ ಅಳಲಿಲ್ಲ. ಅವನು ತನ್ನ ಬಲಗೈಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಎಲ್ಲರ ಕಣ್ಣೂ ಒಂದೊಂದಾಗಿ ಆ ಕೈಯ ಮೇಲೆ ಬಿದ್ದವು. ಅವನ ಕೈಗೆ ತನ್ನ ಮನೆ ಎಲ್ಲಿದೆ ಎಂದು ಗೊತ್ತಿರಲಿಲ್ಲ, ಅದು ಚನ್ನಮಲ್ಲಪ್ಪನ ಕೈಗೆ ಗೊತ್ತಿತ್ತು, ಈಗ ಅಲ್ಲಿಂದಲೂ ಹೋಯಿತು. ಆದರೆ ಅವನ ಮುಂದಿನ ಮನೆ, ಅಂದರೆ ನನ್ನ ಮಗಳ ಮನೆ, ಅವನ ಕೈಗೆ ಇನ್ನೂ ಗೊತ್ತಿತ್ತು. ಆ ಕೈ ಕಲಿತದ್ದನ್ನು ಪಂಪಣ್ಣನ ಕೈಗೆ ಕೊಟ್ಟರೆ ಪಂಪಣ್ಣನ ಹೊಸ್ತಿಲಿನಿಂದ ನೇರವಾಗಿ ಸೋಮಲಿಂಗನ ಮನೆಗೆ ದಾರಿಯಾಗುತ್ತದೆ. ಅಲ್ಲಿಂದ ಮುಂದಿನ ಅರ್ಧ ಊರು ತಿರುಗಿ ಸಿಗುತ್ತದೆ, ಹುಚ್ಚೀರಪ್ಪನ ಮನೆಯೊಂದನ್ನು ಬಿಟ್ಟು.

ಬಿಟ್ಟು ಎಂದರೆ ಸುಮ್ಮನೆ ಬಿಟ್ಟಂತಲ್ಲ. ಯಜಮಾನ ತನ್ನ ಹೊಸ್ತಿಲ ಮೇಲೆ ನಿಂತು ಹೀಗೆ ಕೈ ಕೊಟ್ಟರೆ ಮನೆಯೂ ಕೈಯ ಜೊತೆ ಮಗನಿಗೆ ಹೋಗುತ್ತದೆ. ಹೊಸ್ತಿಲು ಬಿಟ್ಟು ಬೇರೆ ಕಡೆ ನಿಂತು ಕೊಟ್ಟರೆ ಮನೆ ಅಳಿಯುತ್ತದೆ. ನಮ್ಮ ಅಜ್ಜಿಯ ಕಾಲದಲ್ಲಿ ಒಬ್ಬ ಕುಡಿದ ಅಮಲಿನಲ್ಲಿ ಬೇವಿನ ಕಟ್ಟೆಯ ಮೇಲೆ ಕೂತು ಅಳಿಯನಿಗೆ ಕೈ ಕೊಟ್ಟನಂತೆ. ಹೋಗಿ ನೋಡಿದರೆ ಮನೆ ಇದ್ದ ಜಾಗದಲ್ಲಿ ಗೋಡೆ ಇಲ್ಲ, ದನ ಇಲ್ಲ, ಜನ ಇಲ್ಲ, ಒಲೆಯ ಬೂದಿ ಮಾತ್ರ ಬೆಚ್ಚಗಿತ್ತು. ಕೈ ಯಜಮಾನನಲ್ಲಿ ಇರುವ ತನಕ ಮನೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅದಕ್ಕೆ ದಾರಿ ಇರುವುದಿಲ್ಲ, ಅಷ್ಟೇ. ಹುಚ್ಚೀರಪ್ಪ ತಲೆಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಹೋಗಿ ಕೂತ. ಕೈಯನ್ನು ಪಂಚೆಯ ಒಳಗೆ ಸಿಕ್ಕಿಸಿಕೊಂಡ. ಎಡಗೈಯಲ್ಲೇ ಉಂಡ.

ಊರಿನ ಹಿರಿಯರು ಒಬ್ಬೊಬ್ಬರಾಗಿ ಹೋಗಿ ಬಂದರು. ಚನ್ನಮಲ್ಲಪ್ಪ ಅವನ ಕಾಲು ಹಿಡಿದ. ಪಂಪಣ್ಣ ತನ್ನ ಹೊಸಮನೆಯನ್ನೇ ಬರೆದು ಕೊಡುತ್ತೇನೆ ಎಂದ. ಒಂದು ಮನೆಗೋಸ್ಕರ ಅರ್ಧ ಊರು ಮುಳುಗಿಸುತ್ತೀಯಾ ಎಂದು ಕೆಲವರು ಬೈದರು, ಆ ಕಡೆ ಹೆಣ್ಣು ಕೊಟ್ಟವರು, ಆ ಕಡೆಯಿಂದ ಹೆಣ್ಣು ತಂದವರು ಎದೆ ಬಡಿದುಕೊಂಡರು. ಕೆಲವು ಗಟ್ಟಿ ಆಳುಗಳು ಬಲವಂತವಾಗಿ ಕೈ ಎತ್ತಿಸಿ ನೋಡಿದರು. ಬಲವಂತಕ್ಕೆ ಎತ್ತಿದ ಕೈ ಏನನ್ನೂ ಕಲಿಸುವುದಿಲ್ಲ ಎಂದು ಗೊತ್ತಿದ್ದೂ ಹಾಗೆ ಮಾಡಿದರು. ಅವನ ತುಟಿ ಒಡೆದು ರಕ್ತ ಬಂತು. ಹುಚ್ಚೀರಪ್ಪ ಎಲ್ಲರಿಗೂ ಒಂದೇ ಮಾತು ಹೇಳಿದ, ನನ್ನ ಮನೆ ಇನ್ನೂ ಇದೆ ಎಂದು.

ನಾನು ಮೊದಮೊದಲು ಹೋಗಲಿಲ್ಲ. ಪಾರವ್ವ ನನ್ನ ಗೆಳತಿ, ಅವಳನ್ನು ಅಳಿಸಿಬಿಡು ಎಂದು ಅವಳ ಗಂಡನಿಗೆ ಯಾವ ಬಾಯಿಂದ ಹೇಳಲಿ? ಆದರೆ ದಿನ ಕಳೆದಂತೆ ನನಗೆ ರೇಣವ್ವಳ ಹೊಟ್ಟೆಯೊಂದೇ ಕಣ್ಣ ಮುಂದೆ ಬರತೊಡಗಿತು. ಬಿಗಿಸಿದ ಹೊರಸನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದೆ. ಸೋಮಲಿಂಗನ ತಾಯಿ ಮೊದಲೇ ತೀರಿಹೋಗಿದ್ದಳು, ಆ ಮನೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಬೇನೆ ಬಂದರೆ ಯಾರನ್ನು ಕರೆಯುತ್ತಾಳೆ, ಆ ಪೆದ್ದ ಗಂಡ ಬಿಸಿನೀರು ಕಾಯಿಸುವುದಕ್ಕಾದರೂ ಬಂದಾನೇ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ಒಂದು ಬೆಳಿಗ್ಗೆ ಮುಖವನ್ನೂ ತೊಳೆಯದೆ ಕಟ್ಟೆಗೆ ಹೋದೆ.

ಹುಚ್ಚೀರಪ್ಪ ಎಚ್ಚರವಿದ್ದ. ನನ್ನನ್ನು ಕಂಡು, ನೀನೂ ಬಂದಿಯಾ ಎಂಬ ಹಾಗೆ ನೋಡಿದ. ಆಮೇಲೆ ತನ್ನ ಬಲಗೈಯನ್ನು ಪಂಚೆಯಿಂದ ಮೆಲ್ಲಗೆ ತೆಗೆದ. "ಕಾಶವ್ವಾ, ಊರ ಮಂದಿ ನನ್ನ ಹುಚ್ಚ ಅಂತಾರ. ನೀ ಕಲ್ಲಿನಾಕಿ, ನಿನಗ ತಿಳೀತೈತಿ. ಇಲ್ಲಿ ಕಿವಿ ಇಡು," ಎಂದು ಮುಂಗೈ ಮುಂದೆ ಚಾಚಿದ. ನಾನು ಅವನ ಮುಂಗೈಗೆ ಕಿವಿ ಹಚ್ಚಿದೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ದೂರದಿಂದ ಬೀಸುವ ಸಪ್ಪಳ ಬಂತು. ಅದು ಪಾರವ್ವಳ ಕಲ್ಲು. ಹಿಂದಿನ ತಿಂಗಳಷ್ಟೇ ನಾನೇ ಅದಕ್ಕೆ ಉಳಿ ಹೊಡೆದಿದ್ದೆ, ಅದರ ಒಂದು ಬದಿಯ ಕಚ್ಚು ಸ್ವಲ್ಪ ಆಳವಾಗಿ ಬಿದ್ದು ಪ್ರತಿ ಸುತ್ತಿಗೂ ಒಮ್ಮೆ ಗರ್ ಎನ್ನುತ್ತಿತ್ತು. ಆ ಮನೆ ಇತ್ತು. ಅದರ ಒಳಮನೆ ಇತ್ತು. ಒಳಮನೆಯಲ್ಲಿ ಕಲ್ಲು ತಿರುಗುತ್ತಿತ್ತು.

ಒಂದು ವಿಷಯ ಮಾತ್ರ ನನ್ನ ಕಿವಿಗೆ ಬೇರೆ ಅನಿಸಿತು. ಕಲ್ಲು ಹಗುರವಾಗಿ ತಿರುಗುತ್ತಿತ್ತು. ಪಾರವ್ವ ಒಬ್ಬಳೇ ಬೀಸುವಾಗ ಅದು ಅರ್ಧ ಸುತ್ತಿಗೆ ಒಮ್ಮೆ ತಡೆಯುತ್ತಿತ್ತು. ಈಗ ಎದುರಿಗೆ ಕೂತು ಇನ್ನೊಬ್ಬರು ಗೂಟಕ್ಕೆ ಕೈ ಹಚ್ಚಿದ ಹಾಗಿತ್ತು. ಇಬ್ಬರು ಬೀಸುತ್ತಿದ್ದಾರಲ್ಲ ಎಂದೆ. ನನ್ನ ದೊಡ್ಡ ಮಗಳು ಇರಬೇಕು, ಸಣ್ಣವಳಾದರೂ ಅವ್ವನಿಗೆ ಕೈ ಹಚ್ಚುತ್ತಾಳೆ ಎಂದ ಹುಚ್ಚೀರಪ್ಪ. ಹೇಳುವಾಗ ಅವನ ಮುಖ ಅರಳಿತು. ಇರಬಹುದು ಎಂದು ನಾನು ತಲೆ ಎತ್ತಿದೆ. ಎಷ್ಟೊಂದು ಮನೆಗಳ ಕಲ್ಲು ಕಂಡ ನನಗೆ, ಒಂದು ಮಗುವಿನ ಕೈಗೂ ಬೆಳೆದ ಹೆಂಗಸಿನ ಕೈಗೂ ಇರುವ ಫರಕು ಆ ಹೊತ್ತು ಹೊಳೆಯಲಿಲ್ಲ. ಹೊಳೆಯುವುದಕ್ಕೆ ಮನಸ್ಸು ಅಲ್ಲಿರಬೇಕಲ್ಲ, ನನ್ನ ಮನಸ್ಸು ಸೋಮಲಿಂಗನ ಮನೆಯಲ್ಲಿತ್ತು.

ಆ ಮನೆ ಜೀವಂತ ಇದೆ ಎಂದು ಕಿವಿಯಾರೆ ಕೇಳಿದ ಮೇಲೂ ನಾನು ಕೇಳಬೇಕಾದದ್ದನ್ನು ಕೇಳಿಯೇ ಕೇಳಿದೆ. ಹೆತ್ತ ಹೊಟ್ಟೆ ಬಹಳ ಕೆಟ್ಟದ್ದು. ಅವನ ಮುಂದೆ ಕೂತು ರೇಣವ್ವಳ ಸ್ಥಿತಿ ಹೇಳಿದೆ. ಮನೆಯಲ್ಲಿ ಹೆಂಗಸರಿಲ್ಲ, ಚೊಚ್ಚಲು, ತಿಂಗಳು ತುಂಬಿದೆ ಎಂದೆ. ನಿನ್ನ ಮನೆಗೆ ದಾರಿ ಇನ್ನು ಯಾವ ಕಾಲಕ್ಕೂ ಇಲ್ಲ, ಸಪ್ಪಳ ಕೇಳಿಕೊಂಡು ಎಷ್ಟು ದಿನ ಇರುತ್ತೀ ಎಂದೆ. ಅವರ ಕಣಜದ ಜೋಳ ಮುಗಿದ ದಿನ ಆ ಸಪ್ಪಳವೂ ನಿಲ್ಲುತ್ತದೆ ಎಂದೂ ಅಂದೆ. ಅಷ್ಟು ಕಲ್ಲಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಅವನು ಅಲುಗಲಿಲ್ಲ. ಕೊನೆಗೆ ನಾನು ಅಂದೆ, "ಪಾರವ್ವ ಇಲ್ಲಿ ಇದ್ದಿದ್ರ ಏನ ಅಂತಿದ್ಲು ಹೇಳು. ಒಂದು ಹೆಣ್ಣು ಬ್ಯಾನಿ ತಿನ್ನಾಕತ್ತೈತಿ ಅಂದ್ರ ಉಣ್ಣೂ ಗಂಗಾಳ ಬಿಟ್ಟು ಓಡಾಕಿ ಅಲ್ಲೇನು ಆಕಿ?"

ಹುಚ್ಚೀರಪ್ಪ ಬಹಳ ಹೊತ್ತು ತನ್ನ ಕೈಯನ್ನೇ ನೋಡಿದ. ಬಿಸಿಲು ಏರಿತು. ಬೀಸುವ ಸಪ್ಪಳ ನಿಂತಿತೆಂದು ಕಾಣುತ್ತದೆ, ಕೈಯನ್ನು ಕಿವಿಗೆ ಹಚ್ಚಿಕೊಂಡು, ಇನ್ನು ರೊಟ್ಟಿ ಬಡಿಯುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಎದ್ದು ನಿಂತ. "ಊರಿಗೆ ಅಂತ ಕೊಡಂಗಿಲ್ಲ ನಾ. ಊರು ನನ್ನ ತುಟಿ ಒಡದೈತಿ. ನಿನ್ನ ಮಗಳ ಹೊಟ್ಟಿ ನೋಡಿ ಕೊಡ್ತೀನಿ. ಪಾರವ್ವ ಹಂಗ ಮಾಡಂತಿದ್ಲು," ಎಂದ. ನನಗೆ ಅವನ ಕಾಲಿಗೆ ಬೀಳಬೇಕೆನ್ನಿಸಿತು. ಬೀಳಲಿಲ್ಲ, ಅವನು ಮನಸ್ಸು ಬದಲಿಸಿಯಾನು ಎಂಬ ಭಯಕ್ಕೆ ಅವನ ಮುಂದೆ ಮುಂದೆ ನಡೆದೆ.

ಪಂಪಣ್ಣನ ಹೊಸ್ತಿಲಿನ ಹತ್ತಿರ ಊರೇ ನೆರೆಯಿತು. ಈ ಸಲ ಸೋದರಮಾವನನ್ನು ಯಾರೂ ಹತ್ತಿರ ಬಿಡಲಿಲ್ಲ. ಹುಚ್ಚೀರಪ್ಪ ಹೊಸ್ತಿಲಿನ ಕೆಳಗೆ ನಿಂತು, ಕಣ್ಣು ಮುಚ್ಚಿ, ಕೈ ಎತ್ತಿದ. ಪಂಪಣ್ಣ ಹೊಸ್ತಿಲ ಮೇಲೆ ನಿಂತು ಆ ಕೈಯ ಕೆಳಗೆ ತನ್ನ ಕೈ ಹೊಂದಿಸಿದ. ಅಳುತ್ತಿದ್ದ. ಬಹಳ ಹೊತ್ತಿನ ಮೇಲೆ ಅವನ ಭುಜ ಒಮ್ಮೆ ಅದುರಿತು. ಹಿಡಿದೆ ಎಂದು ಅವನ ಬಾಯಿಂದಲೇ ಬಂತು. ಹುಚ್ಚೀರಪ್ಪ ಬಿಟ್ಟೆ ಎನ್ನಲಿಲ್ಲ. ನಾವೆಲ್ಲ ಕಾದೆವು. ಅವನು ಕೈಗೆ ಕಿವಿ ಕೊಟ್ಟು ಏನನ್ನೋ ಕೇಳುತ್ತಿದ್ದ. ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ. ಆಗ ಅವನು ಬಿಟ್ಟೆ ಎಂದ. ಪಂಪಣ್ಣನ ಕೈ ತಾನಾಗಿಯೇ ಮೇಲಕ್ಕೆ ಎದ್ದಿತು, ಬಯಲಿನಾಚೆ ಸೋಮಲಿಂಗನ ಮನೆ ಕಾಣಿಸಿತು, ಜನ ಹೋ ಎಂದು ಅತ್ತರು. ಹುಚ್ಚೀರಪ್ಪನ ಕೈ ಪಕ್ಕಕ್ಕೆ ಜೋತುಬಿತ್ತು.

ನಾನು ಎಲ್ಲರಿಗಿಂತ ಮುಂದೆ ಓಡಿದೆ. ಈ ಮೊಣಕಾಲಿನಲ್ಲಿ ಅಷ್ಟು ಬಲ ಎಲ್ಲಿತ್ತೋ ಗೊತ್ತಿಲ್ಲ. ನಡುದಾರಿಯಲ್ಲಿ ಒಂದು ಕಡೆ ನೆಲ ಬೆಚ್ಚಗಿತ್ತು, ಬೂದಿ ಹಾರುತ್ತಿತ್ತು. ಬರಿಗಾಲಿಗೆ ಅದು ತಾಗಿತು. ನಾನು ಕೆಳಗೆ ನೋಡದೆ ದಾಟಿದೆ. ಹೊಸ್ತಿಲಲ್ಲಿ ನಿಂತಾಗ ಏದುಸಿರು ಬರುತ್ತಿತ್ತು, ಆದರೂ ಕ್ರಮ ತಪ್ಪಲಿಲ್ಲ. ಸೋಮಲಿಂಗನ ಮನೆ ಎಂದೆ. ಒಳಗಿನಿಂದ ಹೂಂ ಬಂತು. ನಡುಮನೆಗೆ ಬಂದು ಮನೆಯ ಒಳಮನೆ ಎಂದೆ. ಬಾಗಿಲು ತೆರೆಯಿತು. ಒಳಮನೆಯ ಬಾಗಿಲಲ್ಲಿ ನಿಂತು, ಒಳಮನೆಯ ನನ್ನ ಮಗಳು ಎಂದೆ. ಒಲೆ ತಣ್ಣಗಿತ್ತು. ಬೀಸುಕಲ್ಲಿನ ಮೇಲೆ ಧೂಳು ಕೂತಿತ್ತು. ಯಾರೂ ಬರಲಿಲ್ಲ. ಮತ್ತೊಮ್ಮೆ ಕೇಳಿದೆ.

ಹಿತ್ತಿಲಿನಿಂದ ಸೋಮಲಿಂಗ ಬಂದ. ಗಡ್ಡ ಬೆಳೆದಿತ್ತು. ನನ್ನನ್ನು ಕಂಡು ಅವನ ಮುಖ ಅರಳಿತು, ನನ್ನ ಹಿಂದೆ ಮುಂದೆ ನೋಡಿದ. "ಹೆರಿಗಿ ಆತೇನ್ರಿ? ಗಂಡೋ ಹೆಣ್ಣೋ? ಇಷ್ಟು ದಿನಾ ದಾರೀನ ಇಲ್ಲ, ಸುದ್ದೀನ ಇಲ್ಲ," ಎಂದ. ನಾನು ತಿರುಗಿ ಒಳಮನೆಯ ಕಡೆ ನೋಡಿದೆ. ಅವನೇ ಮುಂದೆ ಹೇಳಿದ. ಹೊಸಮನೆಯ ಊಟದ ದಿನ ಬೆಳಿಗ್ಗೆ ರೇಣವ್ವ ಹಟ ಹಿಡಿದಳಂತೆ. "ಅವ್ವನ ಮೊಣಕಾಲು ನೋಯ್ತಾವ, ಇಲ್ಲಿತನಾ ಯಾಕ ನಡಸೂದು, ನಾನ ಅರ್ಧ ದಾರಿ ಹೋಗಿ ಪಾರವ್ವನ ಮನ್ಯಾಗ ಕೂತಿರ್ತೀನಿ ಅಂದ್ಲು. ನಾನ ಕರಕೊಂಡು ಹೋಗಿ ಹಿತ್ತಲ ಬಾಗಲದಾಗ ಬಿಟ್ಟು, ಕೈ ಇಳಿಯೂದ್ರಾಗ ಓಡಿ ಬಂದೆ. ಹುಚ್ಚೀರಪ್ಪಣ್ಣ ಕಣ್ಣ ಮುಚ್ಚಿ ನಿಂತಿದ್ದ, ಮಾತಾಡಸ್ಲಿಲ್ಲ."

ಅಂಗಳದಲ್ಲಿ ಒಣಗಲು ಹಾಕಿದ್ದ ಕೆಂಪು ಸೀರೆ ನನ್ನ ಮಗಳದು. ಸೀಮಂತಕ್ಕೆ ನಾನೇ ಉಡಿಸಿದ್ದು.

ಸೋಮಲಿಂಗನಿಗೆ ನಾನು ಏನು ಹೇಳಿದೆನೋ, ಅವನು ಏನು ಅಂದನೋ ನೆನಪಿಲ್ಲ. ನನ್ನ ಬೆನ್ನಿಗೆ ಬಂದವರು ಮುಂದಿನ ಮನೆಗಳಿಗೆ ಓಡುತ್ತಿದ್ದರು. ತಬ್ಬಿಕೊಂಡು ಅಳುವ, ನಗುವ ಸದ್ದು ಒಂದೊಂದೇ ಮನೆಯಿಂದ ಬರುತ್ತಿತ್ತು. ಅವರ ಮಕ್ಕಳು ಅವರಿಗೆ ಸಿಕ್ಕಿದರು. ಒಬ್ಬರ ಮೇಲೂ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಎಲ್ಲರ ಹೊಟ್ಟೆ ತಣ್ಣಗಿರಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಅವತ್ತೂ ಇರಲಿಲ್ಲ. ಪಂಪಣ್ಣನ ಎತ್ತಿದ ಕೈ ನೋಡುತ್ತ ತಿರುಗಿ ಬಂದೆ. ಬೂದಿಯ ಜಾಗ ಬಂದಾಗ ಕೂತು ಕೈ ಆಡಿಸಿದೆ. ಒಂದು ಬಳೆಯ ಚೂರಾದರೂ ಸಿಕ್ಕೀತೇ ಎಂದು ಹುಡುಕಿದೆ. ಬೂದಿ ಅಷ್ಟೊತ್ತಿಗೆ ಆರಿತ್ತು. ಗಾಳಿಗೆ ಅದೂ ಅರ್ಧ ಹೋಗಿತ್ತು.

ಹುಚ್ಚೀರಪ್ಪ ಬೇವಿನ ಕಟ್ಟೆಯ ಮೇಲೆಯೇ ಕೂತಿದ್ದ. ಈಗ ಯಾರೂ ಅವನ ಸುತ್ತ ಇರಲಿಲ್ಲ. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಮಗಳು ಹೇಗಿದ್ದಾಳೆ ಎಂದು ಕೇಳಿದ. ಅವನಿಗೆ ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಆದರೆ ಅವನ ಮುಖ ನೋಡಿದ ಮೇಲೆ ಆಗಲಿಲ್ಲ, ಕಟ್ಟೆಯ ಕೆಳಗೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ರೇಣವ್ವ ನಿನ್ನ ಮನೆಯಲ್ಲಿದ್ದಳು, ಆ ಎರಡನೆಯ ಕೈ ಅವಳದು ಎಂದೆ. ಅವನು ನನ್ನನ್ನು ಬೈಯಬಹುದಿತ್ತು, ಹೊಡೆಯಬಹುದಿತ್ತು, ನಾನು ಅದಕ್ಕೆ ತಲೆ ಬಾಗಿಸಿಕೊಂಡೇ ಕೂತಿದ್ದೆ. ಅವನು ಎಡಗೈಯಿಂದ ತನ್ನ ಬಲಗೈಯನ್ನು ಒಮ್ಮೆ ಸವರಿದ. ಆಮೇಲೆ, "ಪಾರವ್ವನ ಕೈಯಾಗ ಇಲ್ಲಿತನಾ ಯಾ ಕೂಸೂ ಕೆಟ್ಟಿಲ್ಲ. ನೀ ಕಾಳಜಿ ಮಾಡಬ್ಯಾಡ," ಎಂದ.

ನಾನು ಅವನ ಬಲಗೈಯನ್ನು ಎತ್ತಿ ಹಿಡಿದುಕೊಂಡೆ. ಹೊಸ್ತಿಲಲ್ಲಿ ನಿಂತವಳ ಹಾಗೆ ಅದರ ಮುಂದೆ ಬಾಗಿ, ಕ್ರಮವಾಗಿ, ಒಂದನ್ನೂ ಬಿಡದೆ ಕೇಳಿದೆ. ಹುಚ್ಚೀರಪ್ಪನ ಮನೆ. ಮನೆಯ ಒಳಮನೆ. ಒಳಮನೆಯ ಬೀಸುಕಲ್ಲು. ಕಲ್ಲಿನ ಎದುರು ಕೂತ ನನ್ನ ಮಗಳು. ಕೇಳಿ ಕಿವಿ ಹಚ್ಚಿದೆ. ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ಎಲ್ಲಿಂದಲೋ ಯಾವುದೋ ಮುದುಕಿ ಕೆಮ್ಮಿದ ಸದ್ದು ಬಂತು.

ಹುಚ್ಚೀರಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಏನು ಕೇಳಿಸಿತು ಎಂದು ಕೇಳಿದ.

"ಇಬ್ಬರೂ ಬೀಸಾಕತ್ತಾರ," ಎಂದೆ.